ಕತ್ತರಿಸಿದ ಚಿತ್ರ, ಕಾಣದ ಅಂಚು

ನಿಮ್ಮ ಮನೆಯ ಅಟ್ಟದ ಮೇಲೊಮ್ಮೆ ಕಣ್ಣು ಹಾಯಿಸಿ. ಖಾಲಿಯಾದ ತಗಡಿನ ಡಬ್ಬ, ಬಣ್ಣ ಮಾಸಿದ ಮರದ ತಟ್ಟೆ, ಕಳೆದ ವರ್ಷದ ಕ್ಯಾಲೆಂಡರು, ಒಂದು ಕಟ್ಟು ಹಳೆಯ ಲಗ್ನಪತ್ರಿಕೆ, ಇವುಗಳಲ್ಲಿ ಒಂದೆರಡಾದರೂ ಸಿಕ್ಕೇ ಸಿಗುತ್ತವೆ. ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ. ಇಂಥ ವಸ್ತುಗಳಿಗೆ ಹೊಸ ರೂಪ ಕೊಡುವ ಒಂದು ಕೈಗೆಲಸದ ಹೆಸರು ಡೆಕೂಪಾಜ್. ಹೆಸರು ಫ್ರೆಂಚ್ ಭಾಷೆಯದು. ‘ಕತ್ತರಿಸಿ ತೆಗೆ’ ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಕಾಗದದ ಚಿತ್ರವನ್ನು ಕತ್ತರಿಸುವುದು, ವಸ್ತುವಿನ ಮೇಲೆ ಅಂಟಿಸುವುದು, ಅದರ ಮೇಲೆ ಪಾರದರ್ಶಕ ವಾರ್ನಿಷನ್ನು ಪದರ ಪದರವಾಗಿ ಹಚ್ಚುವುದು, ಇಷ್ಟೇ ಅದರ ವ್ಯಾಖ್ಯೆ.

‘ಇದರಲ್ಲಿ ಕಲಿಯುವುದೇನಿದೆ? ನೋಟ್‌ಬುಕ್ಕಿಗೆ ಲೇಬಲ್ ಅಂಟಿಸುವುದು ನಮಗೆ ಗೊತ್ತಿಲ್ಲವೆ?’ ಎಂದು ನೀವು ಕೇಳಬಹುದು. ಹಾಗಾದರೆ ಆ ಲೇಬಲ್ಲಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ. ಅದರ ಅಂಚು ಬೆರಳಿಗೆ ತಾಗುತ್ತದೆ. ಒಳ್ಳೆಯ ಡೆಕೂಪಾಜ್ ಕೆಲಸದಲ್ಲಿ ತಾಗುವುದಿಲ್ಲ. ಚಿತ್ರವನ್ನು ಅಲ್ಲಿಯೇ ಕುಂಚದಿಂದ ಬರೆದಂತೆ ತೋರುತ್ತದೆ. ಅಂಟಿಸುವುದು ಐದು ನಿಮಿಷದ ಕೆಲಸ. ಅಂಚನ್ನು ಮರೆಸುವುದೇ ವಿದ್ಯೆ.

ಇಂಥ ಕೈಗೆಲಸವನ್ನು ದೂರದರ್ಶನದಲ್ಲಿ ತೋರಿಸುವಾಗ ನಮಗೊಂದು ತೊಡಕುಂಟು. ಅಂಟು ಹಚ್ಚಿದ ಡಬ್ಬ ಒಣಗುವವರೆಗೆ ಕ್ಯಾಮೆರಾ ಕಾಯುವಂತಿಲ್ಲ. ‘ಇದನ್ನು ಒಣಗಲು ಬಿಡೋಣ’ ಎಂದು ಹೇಳಿ, ಮೊದಲೇ ಸಿದ್ಧಮಾಡಿಟ್ಟ ಇನ್ನೊಂದು ಡಬ್ಬವನ್ನು ಮೇಜಿನ ಮೇಲಿಡುತ್ತೇವೆ. ನೋಡುವವರಿಗೆ ಅರೆಗಳಿಗೆಯಲ್ಲಿ ಕೆಲಸ ಮುಗಿದಂತೆ ಕಾಣುತ್ತದೆ. ನಿಜವಾಗಿ ಆ ಎರಡು ಡಬ್ಬಗಳ ನಡುವೆ ಸುಮಾರು ಹತ್ತು ದಿನ ಕಳೆದಿರುತ್ತವೆ. ಪರದೆಯ ಮೇಲೆ ಕಾಣದ ಆ ಹತ್ತು ದಿನಗಳಲ್ಲಿ ಏನೇನು ನಡೆಯುತ್ತದೆ, ಏಕೆ ನಡೆಯುತ್ತದೆ ಎಂಬುದನ್ನು ಈ ಪುಟಗಳಲ್ಲಿ ವಿವರವಾಗಿ ನೋಡೋಣ.

ಬಡವರ ಅರಗು

ಮೊದಲು ಸ್ವಲ್ಪ ಇತಿಹಾಸ. 17 ಮತ್ತು 18ನೇ ಶತಮಾನಗಳಲ್ಲಿ ಯೂರೋಪಿನ ಶ್ರೀಮಂತರಿಗೆ ಚೀನಾ ಮತ್ತು ಜಪಾನಿನ ಮೆರುಗೆಣ್ಣೆಯ ಪೆಟ್ಟಿಗೆ, ಕಪಾಟುಗಳೆಂದರೆ ಎಲ್ಲಿಲ್ಲದ ಮೋಹ. ಅವುಗಳ ಕನ್ನಡಿಯಂಥ ಹೊಳಪು ಬರುತ್ತಿದ್ದುದು ಪೂರ್ವ ಏಷ್ಯಾದಲ್ಲಿ ಬೆಳೆಯುವ ಒಂದು ಮರದ ರಸದಿಂದ. ಈ ರಸ ಗಟ್ಟಿಯಾಗಲು ಒಣ ಹವೆಯಲ್ಲ, ತೇವದ ಹವೆ ಬೇಕು. ರಸದಲ್ಲಿರುವ ಕಿಣ್ವವೊಂದು ಆಮ್ಲಜನಕದ ನೆರವಿನಿಂದ ಅದನ್ನು ಗಟ್ಟಿಮಾಡುತ್ತದೆ. ಆ ರಸ ಯೂರೋಪಿನ ಕುಶಲಕರ್ಮಿಗಳ ಕೈಗೆ ಸಿಗುತ್ತಿರಲಿಲ್ಲ. ಸಿದ್ಧ ಪೀಠೋಪಕರಣ ಕೊಳ್ಳೋಣವೆಂದರೆ ಬೆಲೆ ಕೈಗೆಟುಕುವಂಥದ್ದಲ್ಲ.

ಇಟಲಿಯ ವೆನಿಸ್ ನಗರದ ಕುಶಲಕರ್ಮಿಗಳು ಇದಕ್ಕೊಂದು ಉಪಾಯ ಕಂಡುಕೊಂಡರು. ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬಿ, ಕತ್ತರಿಸಿ, ಮರದ ಸಾಮಾನುಗಳ ಮೇಲೆ ಅಂಟಿಸಿ, ಮೇಲೆ ಹಲವು ಪದರ ವಾರ್ನಿಷ್ ಬಳಿದರು. ದೂರದಿಂದ ನೋಡಿದರೆ ಪೂರ್ವದೇಶಗಳ ಕುಂಚದ ಕೆಲಸದಂತೆಯೇ ಕಾಣುತ್ತಿತ್ತು. ಈ ಕೆಲಸಕ್ಕೆ ‘ಲಾಕ್ಕಾ ಪೊವೆರಾ’ ಎಂಬ ಹೆಸರು ಬಂತು. ಕನ್ನಡದಲ್ಲಿ ‘ಬಡವರ ಅರಗು’ ಎನ್ನಬಹುದು. ವೆನಿಸ್‌ಗೆ ಸಮೀಪದ ಬಸ್ಸಾನೊ ಊರಿನ ರೆಮೊಂದಿನಿ ಮುದ್ರಣಾಲಯ ಕತ್ತರಿಸಿ ಅಂಟಿಸಲೆಂದೇ ಚಿತ್ರದ ಹಾಳೆಗಳನ್ನು ಅಚ್ಚು ಹಾಕಿತು. ಲಂಡನ್ನಿನಲ್ಲಿ ರಾಬರ್ಟ್ ಸೇಯರ್ ಎಂಬ ಪ್ರಕಾಶಕ 1760ರ ಸುಮಾರಿಗೆ 1500ಕ್ಕೂ ಹೆಚ್ಚು ಚಿತ್ರಗಳಿದ್ದ ಪುಸ್ತಕವೊಂದನ್ನು ಹೊರತಂದ. ಬಣ್ಣ ಹಾಕಿ, ಕತ್ತರಿಸಿ, ಅಂಟಿಸುವುದಕ್ಕಾಗಿಯೇ ಸಿದ್ಧವಾದ ಪುಸ್ತಕ ಅದು.

ಈ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಯೂರೋಪಿನವರು ಬಳಸಿದ ವಾರ್ನಿಷ್‌ಗಳಲ್ಲಿ ಮುಖ್ಯವಾದದ್ದು ಭಾರತದ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಮಾಡಿದ್ದು. ಮರದ ರಸ ಹೀರಿ ಬದುಕುವ ಒಂದು ಸಣ್ಣ ಕೀಟ ಕೊಂಬೆಗಳ ಮೇಲೆ ಸ್ರವಿಸುವ ರಾಳವೇ ಅರಗು. ‘ಲ್ಯಾಕರ್’ ಎಂಬ ಪದದ ಮೂಲವೂ ಸಂಸ್ಕೃತದ ‘ಲಾಕ್ಷಾ’. ಚನ್ನಪಟ್ಟಣದ ಗೊಂಬೆಗಳ ಮೈಮೇಲೆ ಹೊಳೆಯುವುದು ಇದೇ ಅರಗು. ಅಲ್ಲಿ ಅದನ್ನು ಕರಗಿಸಿ ಬಳಿಯುವುದಿಲ್ಲ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ.

ಕತ್ತರಿ ಮತ್ತು ಕಾಗದದಿಂದ ಏನೆಲ್ಲ ಸಾಧ್ಯ ಎಂಬುದಕ್ಕೆ ಮೇರಿ ಡೆಲಾನಿ ಎಂಬ ಇಂಗ್ಲಿಷ್ ಮಹಿಳೆಯ ಹೆಸರನ್ನು ಹೇಳಲೇಬೇಕು. 1700ರಲ್ಲಿ ಹುಟ್ಟಿದ ಈಕೆ ಬಣ್ಣದ ಕಾಗದವನ್ನು ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ, ಹೂಗಿಡಗಳ ಚಿತ್ರ ಮಾಡಲು ಆರಂಭಿಸಿದ್ದು ತಮ್ಮ ಎಪ್ಪತ್ತು ವರ್ಷ ದಾಟಿದ ಮೇಲೆ. ಕಣ್ಣು ಮಂಜಾಗುವವರೆಗೆ, ಅಂದರೆ ಸುಮಾರು ಹತ್ತು ವರ್ಷಗಳಲ್ಲಿ, ಸಾವಿರದ ಸಮೀಪ ಚಿತ್ರಗಳನ್ನು ಮುಗಿಸಿದರು. ಅವು ಇಂದಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ವಾರ್ನಿಷ್ ಇಲ್ಲದ್ದರಿಂದ ಇವು ಪೂರ್ತಿ ಡೆಕೂಪಾಜ್ ಅಲ್ಲ, ಅದರ ಹತ್ತಿರದ ನೆಂಟ ಎನ್ನಬೇಕು.

ಕಾಗದ ಸುಕ್ಕುಗಟ್ಟುವುದೇಕೆ?

ಈಗ ಕೆಲಸಕ್ಕೆ ಬರೋಣ. ಹೊಸಬರಿಗೆ ಎದುರಾಗುವ ಮೊದಲ ಸಮಸ್ಯೆ ಸುಕ್ಕು. ಅಂಟಿಸುವಾಗ ನಯವಾಗಿದ್ದ ಚಿತ್ರ ಎರಡು ನಿಮಿಷದಲ್ಲಿ ಅಲೆ ಅಲೆಯಾಗುತ್ತದೆ. ಇದರ ಕಾರಣ ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿ.

ಬರೆಯುವ ಕಾಗದದಿಂದ 10 ಸೆಂಟಿಮೀಟರಿನ ಚೌಕವೊಂದನ್ನು ಕತ್ತರಿಸಿ, ತಟ್ಟೆಯಲ್ಲಿರುವ ನೀರಿನ ಮೇಲೆ ಮೆಲ್ಲಗೆ ತೇಲಿಬಿಡಿ. ಕೆಲವೇ ಕ್ಷಣಗಳಲ್ಲಿ ಅದರ ಎದುರುಬದುರಿನ ಎರಡು ಅಂಚುಗಳು ಮೇಲೆದ್ದು, ಕಾಗದ ಕೊಳವೆಯಂತೆ ಸುರುಳಿಯಾಗತೊಡಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಮತ್ತೆ ಚಪ್ಪಟೆಯಾಗುತ್ತದೆ. ಏನಾಯಿತು? ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ನೀರು ಕುಡಿದ ನಾರು ಉದ್ದದಲ್ಲಿ ಹೆಚ್ಚೇನೂ ಬೆಳೆಯುವುದಿಲ್ಲ, ದಪ್ಪದಲ್ಲಿ ಉಬ್ಬುತ್ತದೆ. ಕಾರ್ಖಾನೆಯ ಯಂತ್ರದಲ್ಲಿ ಕಾಗದ ತಯಾರಾಗುವಾಗ ಬಹುಪಾಲು ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗಿರುತ್ತವೆ. ಆದ್ದರಿಂದ ಕಾಗದ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಹಿಗ್ಗುತ್ತದೆ. ಕೆಳಗಿನ ಮೈ ಮೊದಲು ಒದ್ದೆಯಾಗಿ ಹಿಗ್ಗಿದಾಗ ಕಾಗದ ಮೇಲಕ್ಕೆ ಬಾಗಿತು. ಮೇಲಿನ ಮೈಗೂ ನೀರು ತಲುಪಿದಾಗ ನೇರವಾಯಿತು. ಸುರುಳಿಯ ಕೊಳವೆ ಯಾವ ದಿಕ್ಕಿಗೆ ಚಾಚಿತ್ತೋ ಅದೇ ನಾರುಗಳ ದಿಕ್ಕು.

ನಮ್ಮ ಅಂಟಿನಲ್ಲಿಯೂ ನೀರಿದೆ. ಅಂಟು ಬಳಿದ ಕೂಡಲೇ ಚಿತ್ರವನ್ನು ಒತ್ತಿ ಕೂರಿಸಿದರೆ, ಅದು ಡಬ್ಬದ ಮೇಲೆ ಕುಳಿತ ನಂತರ ಹಿಗ್ಗಲು ಹೊರಡುತ್ತದೆ. ಹಿಗ್ಗಲು ಜಾಗವಿಲ್ಲ; ಅದಕ್ಕೇ ಅಲ್ಲಲ್ಲಿ ಎದ್ದು ನಿಲ್ಲುತ್ತದೆ. ಇದೇ ಸುಕ್ಕು. ಪರಿಹಾರ ಸುಲಭ. ಚಿತ್ರದ ಹಿಂಭಾಗಕ್ಕೆ ಅಂಟು ಹಚ್ಚಿ ಒಂದೆರಡು ನಿಮಿಷ ಸುಮ್ಮನೆ ಬಿಡಿ. ಹಿಗ್ಗುವುದನ್ನೆಲ್ಲ ಹಿಗ್ಗಿ ಮುಗಿಸಲಿ. ಆಮೇಲೆ ಅಂಟಿಸಿ. ಪುಸ್ತಕ ಕಟ್ಟುವವರೂ ಗೋಡೆಗೆ ಕಾಗದ ಹಚ್ಚುವವರೂ ಮಾಡುವುದು ಇದನ್ನೇ.

ಬಿಳಿ ಅಂಟು ಪಾರದರ್ಶಕವಾಗುವ ಬಗೆ

ಅಂಗಡಿಗಳಲ್ಲಿ ಸಿಗುವ ಫೆವಿಕಾಲ್‌ನಂಥ ಬಿಳಿ ಅಂಟು ಈ ಕೆಲಸಕ್ಕೆ ಸಾಕು. ಇದರ ಮುಖ್ಯ ವಸ್ತು ಪಾಲಿವಿನೈಲ್ ಅಸಿಟೇಟ್. 1912ರಲ್ಲಿ ಜರ್ಮನಿಯ ಫ್ರಿಟ್ಸ್ ಕ್ಲಾಟೆ ಎಂಬ ರಸಾಯನ ವಿಜ್ಞಾನಿ ಇದನ್ನು ಕಂಡುಹಿಡಿದ. ಅಂಟಿನ ಡಬ್ಬಿಯಲ್ಲಿ ಇದರ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಹಾಲಿನಲ್ಲಿ ಕೊಬ್ಬಿನ ಕಣಗಳು ಬೆಳಕನ್ನು ಚದುರಿಸುವಂತೆ ಇವೂ ಚದುರಿಸುವುದರಿಂದ ಅಂಟು ಬೆಳ್ಳಗೆ ಕಾಣುತ್ತದೆ. ನೀರು ಆವಿಯಾದಂತೆ ಕಣಗಳು ಹತ್ತಿರ ಸರಿದು, ಒಂದಕ್ಕೊಂದು ಬೆಸೆದು, ಒಂದೇ ಪೊರೆಯಾಗುತ್ತವೆ. ಚದುರಿಸಲು ಕಣಗಳೇ ಇಲ್ಲದಿದ್ದಾಗ ಬೆಳಕು ನೇರವಾಗಿ ಹಾದುಹೋಗುತ್ತದೆ. ಅಂಟು ಪಾರದರ್ಶಕವಾಗಿದೆ ಎಂದರೆ ಒಣಗಿದೆ ಎಂದೇ ಅರ್ಥ. ಬಿಳುಪು ಉಳಿದಿದ್ದರೆ ಒಳಗೆ ಇನ್ನೂ ನೀರಿದೆ.

ಅಂಟಿನ ಬಾಟಲಿಯ ಮೇಲೆ ಅಚ್ಚಾದ ಗಂಟೆಗಳಿಗಿಂತ ಈ ಗುರುತನ್ನು ನಂಬಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಒಂದು ಗಂಟೆಯಲ್ಲಿ ಒಣಗುವ ಪದರ ಜುಲೈ ತಿಂಗಳ ಮಂಗಳೂರಿನಲ್ಲಿ ಅರ್ಧ ದಿನ ತೆಗೆದುಕೊಳ್ಳಬಹುದು. ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿದ್ದರೆ ಅಂಟಿನ ನೀರು ಎಲ್ಲಿಗೆ ಹೋಗಬೇಕು? ಬೇಗ ಒಣಗಲೆಂದು ಸುಡುಬಿಸಿಲಿಗೆ ಇಡುವುದೂ ಸರಿಯಲ್ಲ. ಮೇಲೆ ಮಾತ್ರ ಪೊರೆಗಟ್ಟಿ, ಒಳಗಿನ ನೀರು ಸಿಕ್ಕಿಹಾಕಿಕೊಂಡು ಗುಳ್ಳೆಯೇಳುತ್ತದೆ. ನೆರಳು ಮತ್ತು ಗಾಳಿಯಾಟ, ಎರಡೂ ಇರುವ ಜಾಗ ಉತ್ತಮ.

ಮೈದಾ ಹಿಟ್ಟನ್ನು ಕಾಯಿಸಿ ಮಾಡಿದ ಅಂಟನ್ನೂ ಬಳಸಬಹುದು. ಆದರೆ ಅದು ಹುಳುಗಳಿಗೆ ಆಹಾರ. ಇದಕ್ಕಾಗಿ ಪುಸ್ತಕ ಕಟ್ಟುವವರು ಅದರಲ್ಲಿ ಮೈಲುತುತ್ತ ಬೆರೆಸುವುದುಂಟು. ಮೈಲುತುತ್ತ ವಿಷ, ಮನೆಯಲ್ಲಿ ಆ ಸಾಹಸ ಬೇಡ.

ಯಾವ ಚಿತ್ರ?

ತೆಳು ಕಾಗದ ಒಳ್ಳೆಯದು. ಅಂಚು ಬೇಗ ಮರೆಯಾಗುತ್ತದೆ. ಆದರೆ ವಾರಪತ್ರಿಕೆಯ ಹಾಳೆಯಲ್ಲಿ ಒಂದು ತೊಂದರೆಯಿದೆ. ಅಂಟು ತಾಗಿದೊಡನೆ ಹಿಂದಿನ ಪುಟದ ಅಕ್ಷರಗಳು ಮುಂದೆ ಕಾಣಿಸತೊಡಗುತ್ತವೆ. ಬೋಂಡಾ ಕಟ್ಟಿಕೊಟ್ಟ ಕಾಗದವನ್ನು ನೆನಪಿಸಿಕೊಳ್ಳಿ. ಎಣ್ಣೆ ತಾಗಿದ ಕಡೆ ಅದು ಅರೆಪಾರದರ್ಶಕವಾಗಿರುತ್ತದೆ. ನಾರುಗಳ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದಲೇ ಕಾಗದ ಬೆಳ್ಳಗಿರುವುದು. ಆ ಜಾಗವನ್ನು ಎಣ್ಣೆಯೋ ಅಂಟೋ ತುಂಬಿದರೆ ಚದುರುವಿಕೆ ತಗ್ಗುತ್ತದೆ. ಆದ್ದರಿಂದ ಒಂದೇ ಬದಿಗೆ ಅಚ್ಚಾದ ಚಿತ್ರವನ್ನು ಆರಿಸಿ. ಡಬ್ಬಕ್ಕೆ ಮೊದಲು ಬಿಳಿ ಅಥವಾ ತಿಳಿ ಬಣ್ಣ ಬಳಿಯಿರಿ. ಕಪ್ಪು ಡಬ್ಬದ ಮೇಲೆ ಅಂಟಿಸಿದ ತೆಳು ಕಾಗದದ ಹೂವು ಕಣ್ಣಿಗೇ ಬೀಳುವುದಿಲ್ಲ.

ಮನೆಯ ಪ್ರಿಂಟರಿನಲ್ಲಿ ಚಿತ್ರ ತೆಗೆಯುವುದಾದರೆ ಶಾಯಿಯನ್ನು ಪರೀಕ್ಷಿಸಿ. ಒಂದು ಮೂಲೆಯನ್ನು ಒದ್ದೆ ಬೆರಳಿನಿಂದ ಉಜ್ಜಿ. ದ್ರವ ಶಾಯಿಯ ಪ್ರಿಂಟರುಗಳಲ್ಲಿ ಹಲವು ಬಣ್ಣಗಳು ನೀರಿಗೆ ಕದಡುತ್ತವೆ. ಜೆರಾಕ್ಸ್ ಅಂಗಡಿಯ ಪ್ರತಿ ಹಾಗಲ್ಲ. ಅಲ್ಲಿ ಪ್ಲಾಸ್ಟಿಕ್ಕಿನಂಥ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟಿರುವುದರಿಂದ ನೀರಿಗೆ ಬಿಡುವುದಿಲ್ಲ. ಹೂವಿನ ಚಿತ್ರವಿರುವ ಕಾಗದದ ಕರವಸ್ತ್ರ ಬಳಸುವಿರಾದರೆ, ಅದರಲ್ಲಿರುವ ಎರಡು ಮೂರು ಪದರಗಳನ್ನು ಬಿಡಿಸಿ, ಅಚ್ಚಾದ ಮೇಲಿನ ಪದರವನ್ನಷ್ಟೇ ಬಳಸಿ.

ಕೆಲಸದ ಕ್ರಮ

ಮೊದಲ ಸಲ ಪೆನ್ನು ಇಡಲು ತಗಡಿನ ಡಬ್ಬವೊಂದನ್ನು ಆರಿಸಿಕೊಳ್ಳಿ. ಬಾಯಿಯ ಅಂಚು ಹರಿತವಾಗಿದ್ದರೆ ಅಂಥ ಡಬ್ಬ ಬೇಡ. ಸೋಪಿನ ನೀರಿನಿಂದ ತೊಳೆದು ಚೆನ್ನಾಗಿ ಒರೆಸಿ. ಜಿಡ್ಡಿದ್ದರೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಉಪ್ಪುಕಾಗದದಿಂದ, ಅಂದರೆ ಮರಗೆಲಸದವರ ಸ್ಯಾಂಡ್‌ಪೇಪರಿನಿಂದ, ಮೈಯನ್ನು ಸ್ವಲ್ಪ ಒರಟು ಮಾಡಿ. ಬರಿಯ ತಗಡಿಗೆ ನೀರಿನ ಅಂಟು ತಾಗಿದರೆ ತುಕ್ಕು ಹಿಡಿದು ಚಿತ್ರದ ಮೇಲೆ ಕಲೆ ಮೂಡಬಹುದು. ಅದಕ್ಕಾಗಿ ಮೊದಲು ಲೋಹದ ಪ್ರೈಮರ್, ಅದು ಒಣಗಿದ ಮೇಲೆ ತಿಳಿ ಬಣ್ಣ. ಮಣ್ಣಿನ ಕುಂಡವಾದರೆ ಹೆದರಿಕೆ ಬೇರೆ: ಅದು ಅಂಟಿನ ನೀರನ್ನೆಲ್ಲ ಹೀರಿಬಿಡುತ್ತದೆ. ನೀರು ಬೆರೆಸಿದ ಅಂಟನ್ನು ಒಂದು ಪದರ ಬಳಿದು ಮೊದಲು ಅದರ ರಂಧ್ರಗಳನ್ನು ಮುಚ್ಚಿ.

ಕತ್ತರಿಸುವಾಗ ಕತ್ತರಿಯನ್ನು ಒಂದೇ ಕಡೆ ಹಿಡಿದು, ಇನ್ನೊಂದು ಕೈಯಿಂದ ಕಾಗದವನ್ನು ತಿರುಗಿಸಿ. ಹೂವಿನ ದಂಟುಗಳ ನಡುವಿನ ಸಂದುಗಳನ್ನು ಮೊದಲು ತೆಗೆದು, ಹೊರಗಿನ ಗೆರೆಯನ್ನು ಕೊನೆಗೆ ಕತ್ತರಿಸಿ. ಮೊದಲೇ ಹೊರಗೆರೆ ಕತ್ತರಿಸಿದರೆ ಹಿಡಿಯಲು ಕಾಗದವೇ ಉಳಿಯುವುದಿಲ್ಲ. ಕತ್ತರಿಸಿದ ಅಂಚಿನ ಬಿಳುಪು ಕಾಣದಂತೆ ಅದೇ ಬಣ್ಣದ ಪೆನ್ಸಿಲನ್ನು ಅಂಚಿಗೆ ಸವರಿ.

ಅಂಟಿಸುವ ಮೊದಲು ಚಿತ್ರಗಳನ್ನು ಡಬ್ಬದ ಮೇಲೆ ಬರಿದೇ ಇಟ್ಟು ಜೋಡಣೆ ನೋಡಿ. ಎರಡು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ, ಚಿತ್ರದ ಹಿಂಬದಿಗೆ ಅಂಚಿನವರೆಗೂ ಬಳಿದು, ಮೇಲೆ ಹೇಳಿದಂತೆ ಕಾದು, ನಂತರ ಕೂರಿಸಿ. ಒದ್ದೆ ಬಟ್ಟೆಯಿಂದ ಚಿತ್ರದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಗಾಳಿಯನ್ನೂ ಹೆಚ್ಚಾದ ಅಂಟನ್ನೂ ಹೊರಗೆ ತಳ್ಳಿ. ಹೊರಬಂದ ಅಂಟನ್ನು ಒರೆಸಿ. ಒಣಗಿದ ಮೇಲೆ ಗುಳ್ಳೆ ಉಳಿದಿದ್ದರೆ ಬ್ಲೇಡಿನಿಂದ ಸಣ್ಣದಾಗಿ ಸೀಳಿ, ಕಡ್ಡಿಯ ತುದಿಯಿಂದ ಅಂಟು ಸೇರಿಸಿ ಒತ್ತಿದರಾಯಿತು.

ಅಂಚು ಮರೆಯಾಗುವ ಗುಟ್ಟು

ಬಿಳಿ ಅಂಟನ್ನೇ ಮೇಲೆ ಬಳಿದು ನಿಲ್ಲಿಸುವವರಿದ್ದಾರೆ. ಅದರ ಪೊರೆ ನೀರು ತಾಗಿದರೆ ಬೆಳ್ಳಗಾಗಿ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಜಿಗುಟಾಗುತ್ತದೆ. ಮೇಲ್ಪದರಕ್ಕೆ ವಾರ್ನಿಷ್ ಬೇಕು. ವಿದ್ಯಾರ್ಥಿಗಳಿಗೆ ನೀರು ಆಧಾರಿತ ವಾರ್ನಿಷ್ ಒಳ್ಳೆಯದು. ಸ್ಪಿರಿಟ್ ಅಥವಾ ಟರ್ಪೆಂಟೈನ್ ಇರುವ ವಾರ್ನಿಷ್ ಬಳಸುವುದಾದರೆ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ, ಮನೆಯ ಹಿರಿಯರು ಜೊತೆಯಲ್ಲಿರಲಿ.

ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯ ಜೆರಾಕ್ಸ್ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರು. ಒಂದು ಪದರ ವಾರ್ನಿಷ್ ಒಣಗಿದ ಮೇಲೆ ಉಳಿಯುವುದು ಅದಕ್ಕಿಂತ ಎಷ್ಟೋ ತೆಳು. ಅದೂ ಅಲ್ಲದೆ, ಬಳಿದ ವಾರ್ನಿಷ್ ತಗ್ಗಿನ ಮೇಲೆ ಮಾತ್ರವಲ್ಲ, ಚಿತ್ರದ ಮೇಲೂ ಕೂರುತ್ತದೆ. ಹಾಗಾಗಿ ಬರಿದೇ ಪದರ ಹೆಚ್ಚಿಸುತ್ತಾ ಹೋದರೆ ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯುತ್ತದೆ. ಅದನ್ನು ಅಳಿಸುವುದು ಉಜ್ಜುವಿಕೆ. ನಾಲ್ಕೈದು ಪದರ ಆದ ಮೇಲೆ 400 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿದರೆ ಎತ್ತರದ ಭಾಗದ ವಾರ್ನಿಷ್ ಸವೆಯುತ್ತದೆ, ತಗ್ಗಿನದು ಉಳಿಯುತ್ತದೆ. ಮತ್ತೆ ಪದರ, ಮತ್ತೆ ಉಜ್ಜುವುದು. ಚಿತ್ರದವರೆಗೆ ಉಜ್ಜಬೇಡಿ, ಬಣ್ಣ ಕಿತ್ತುಬರುತ್ತದೆ. ತೆಳು ಕಾಗದಕ್ಕೆ ಎಂಟು ಹತ್ತು ಪದರ ಸಾಕಾಗಬಹುದು. ಸಾಂಪ್ರದಾಯಿಕ ಕೆಲಸದಲ್ಲಿ 20, 30 ಪದರ ಹಾಕುವುದೂ ಇದೆ. ಪ್ರತಿಯೊಂದೂ ಪೂರ್ತಿ ಒಣಗಬೇಕು. ಅರೆ ಒಣಗಿದ ಪದರವನ್ನು ಉಜ್ಜಿದರೆ ಅದು ಸವೆಯುವುದಿಲ್ಲ, ಮುದ್ದೆಯಾಗುತ್ತದೆ.

ಕಾರ್ಡುಗಳಿಗಾದರೆ

ಶುಭಾಶಯದ ಕಾರ್ಡಿಗೆ ಇಷ್ಟು ಪದರಗಳು ಬೇಡ. ಅಲ್ಲಿ ಅಂಚನ್ನು ಮರೆಸುವ ಬದಲು ಎತ್ತಿ ತೋರಿಸುವ ಕ್ರಮವಿದೆ. ಒಂದೇ ಚಿತ್ರದ ನಾಲ್ಕೈದು ಪ್ರತಿ ತೆಗೆದುಕೊಳ್ಳಿ. ಮೊದಲನೆಯದನ್ನು ಪೂರ್ತಿಯಾಗಿ ಅಂಟಿಸಿ. ಎರಡನೆಯದರಿಂದ ಹೂವನ್ನು ಮಾತ್ರ, ಮೂರನೆಯದರಿಂದ ಮುಂದಿನ ಎಸಳುಗಳನ್ನು ಮಾತ್ರ ಕತ್ತರಿಸಿ, ನಡುವೆ ಸ್ಪಂಜಿನ ಟೇಪಿನ ಚೂರುಗಳನ್ನಿಟ್ಟು ಒಂದರ ಮೇಲೊಂದು ಏರಿಸಿ. ಚಿತ್ರಕ್ಕೆ ಆಳ ಬರುತ್ತದೆ. ಲಗ್ನಪತ್ರಿಕೆಗಳಲ್ಲಿ ಒಂದೇ ನಮೂನೆಯ ಗಣಪತಿ, ಬಳ್ಳಿ, ನವಿಲುಗಳು ಸಿಗುವುದರಿಂದ ಅವು ಇದಕ್ಕೆ ಅನುಕೂಲ.

ಕಾರ್ಡಿನ ಒಂದು ಬದಿಗೆ ದೊಡ್ಡ ಚಿತ್ರ ಅಂಟಿಸಿದರೆ ಒಣಗುವಾಗ ಕಾರ್ಡು ಆ ಬದಿಗೆ ಬಾಗುತ್ತದೆ. ಹಿಗ್ಗಿದ್ದ ಕಾಗದ ಈಗ ಕುಗ್ಗುತ್ತಾ ಕಾರ್ಡನ್ನು ತನ್ನ ಕಡೆಗೆ ಎಳೆಯುತ್ತದೆ. ಹಿಂಬದಿಗೂ ಅಷ್ಟೇ ದೊಡ್ಡ ಬಿಳಿ ಕಾಗದ ಅಂಟಿಸಿ, ಭಾರದ ಪುಸ್ತಕದ ಕೆಳಗಿಡಿ. ಎರಡು ಕಡೆಯ ಎಳೆತ ಸಮವಾಗುತ್ತದೆ.

ಕತ್ತರಿ ಹಾಕುವ ಮುನ್ನ

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹಿಟ್ಟಿನ ಅಂಟನ್ನು ನೀರಿನಿಂದ ನೆನೆಸಿ ಬಿಡಿಸಬಹುದು. ಹಳೆಯ ಕಾಗದಪತ್ರಗಳನ್ನು ಸರಿಪಡಿಸುವ ತಜ್ಞರು ಗೋಧಿ ಪಿಷ್ಟದ ಅಂಟನ್ನು ಮೆಚ್ಚುವುದು ಇದಕ್ಕಾಗಿಯೇ. ಒಣಗಿದ ಬಿಳಿ ಅಂಟು ಮತ್ತು ವಾರ್ನಿಷ್ ಹಾಗೆ ಬಿಟ್ಟುಕೊಡುವುದಿಲ್ಲ. ಡೆಕೂಪಾಜ್ ಮಾಡಿದ್ದನ್ನು ಮಾಡದಂತೆ ಮಾಡಲಾಗದು. ಅಜ್ಜಿಯ ಮದುವೆಯ ಫೋಟೋ, ಕೈಬರಹದ ಪತ್ರ, ಗ್ರಂಥಾಲಯದ ಪುಸ್ತಕ, ಹಳೆಯ ಅಂಚೆಚೀಟಿ ಇವುಗಳಿಗೆ ಕತ್ತರಿ ಹಾಕಬೇಡಿ. ಜೆರಾಕ್ಸ್ ಪ್ರತಿ ತೆಗೆದು ಅದನ್ನು ಕತ್ತರಿಸಿ. ಮೂಲವನ್ನು ಪೆಟ್ಟಿಗೆಗೆ ಹಿಂದಿರುಗಿಸಿ. ಹಾಗೆಯೇ, ಅಜ್ಜನ ಕಾಲದ ತೇಗದ ಪೆಟ್ಟಿಗೆಯೋ ಅರಗಿನ ಗೊಂಬೆಯೋ ಮಂಕಾಗಿದ್ದರೆ ಅದನ್ನು ಕಾಗದದಿಂದ ಮುಚ್ಚಲು ಹೊರಡಬೇಡಿ. ಒಣ ಬಟ್ಟೆಯಿಂದ ಒರೆಸಿದರೆ ಅದರ ಸ್ವಂತ ಚೆಲುವು ಕಾಣಬಹುದು.

ಬಳಕೆಯ ವಿಷಯದಲ್ಲೂ ಎಚ್ಚರ ಬೇಕು. ಊಟದ ತಟ್ಟೆಯ ಒಳಮೈಗೆ, ಲೋಟದ ತುಟಿ ತಾಗುವ ಅಂಚಿಗೆ ಈ ಕೆಲಸ ಸಲ್ಲದು. ಎಣ್ಣೆಯ ದೀಪ, ಮೇಣದ ಬತ್ತಿ ಇಡುವ ವಸ್ತುವಿಗಂತೂ ಕಾಗದ, ವಾರ್ನಿಷ್ ಎರಡೂ ಅಪಾಯ.

ಪರೀಕ್ಷೆಯ ಓದಿನ ನಡುವೆಯೂ ಇದನ್ನು ಮಾಡಬಹುದು. ದಿನಕ್ಕೆ 20 ನಿಮಿಷ ಸಾಕು. ಮೊದಲ ದಿನ ತೊಳೆದು ಪ್ರೈಮರ್. ಎರಡನೆಯ ದಿನ ಬಣ್ಣ. ಮೂರನೆಯ ದಿನ ಕತ್ತರಿಸಿ ಜೋಡಿಸುವುದು. ನಾಲ್ಕನೆಯ ದಿನ ಅಂಟಿಸುವುದು. ಐದನೆಯ ದಿನದಿಂದ ಬೆಳಿಗ್ಗೆ ಒಂದು ಪದರ, ಸಂಜೆ ಒಂದು ಪದರ ವಾರ್ನಿಷ್, ನಡುವೆ ಎರಡು ಸಲ ಉಜ್ಜುವುದು. ಮಳೆಗಾಲವಾದರೆ ದಿನಕ್ಕೆ ಒಂದೇ ಪದರ. ಆರಂಭಿಸಿದ ತಾರೀಖನ್ನು ಡಬ್ಬದ ತಳದಲ್ಲಿ ಬರೆದಿಡಿ. ಹತ್ತನೆಯ ದಿನದ ಹೊತ್ತಿಗೆ ಕಣ್ಣು ಮುಚ್ಚಿ ಚಿತ್ರದ ಮೇಲೆ ಬೆರಳಾಡಿಸಿ. ಅಂಚು ಇನ್ನೂ ತಾಗುತ್ತಿದ್ದರೆ ಬೇಸರ ಬೇಡ. ಇನ್ನೆರಡು ಪದರ ಹಾಕಿ, ಮತ್ತೊಮ್ಮೆ ಉಜ್ಜಿ.